ಮಿಕ್ಸರ್ ಹಾಕಿದ್ಮೇಲೆ ಫ್ರೆಂಡ್ಸ್‌ಗೆ ಅವರ ದನಿನೇ ವಾಪಸ್ ಹೋಗ್ತಿದ್ಯಾ? ಸ್ಟ್ರೀಮ್ ಜೊತೆ ವಾಯ್ಸ್ ಚಾಟ್ ಸೆಟಪ್ ಮಾಡೋದು ಹೇಗೆ

ವಾರಕ್ಕೆ ಮೂರ್ನಾಲ್ಕು ಜನ ಇದೊಂದೇ ಪ್ರಶ್ನೆ ಕೇಳ್ತಾರೆ. "ಗುರೂ, ಮಿಕ್ಸರ್ ತಗೊಂಡೆ, ಮೈಕ್ ಸಖತ್ತಾಗಿ ಬರ್ತಿದೆ, ಆದ್ರೆ ಡಿಸ್ಕಾರ್ಡಲ್ಲಿರೋ ಹುಡುಗ್ರೆಲ್ಲ ಬೈತಿದಾರೆ, ಅವರು ಮಾತಾಡಿದ್ದು ಅವರಿಗೇ ವಾಪಸ್ ಬರ್ತಿದ್ಯಂತೆ." ಇನ್ನೊಂದಷ್ಟು ಜನದ್ದು ಇದರ ಉಲ್ಟಾ: ಫ್ರೆಂಡ್ಸ್ ಮಾತಾಡೋದು ಇವರಿಗೆ ಚೆನ್ನಾಗಿ ಕೇಳುತ್ತೆ, ಸ್ಟ್ರೀಮ್ ನೋಡೋರಿಗೆ ಮಾತ್ರ ಕೇಳಲ್ಲ, ಇವರೊಬ್ಬರೇ ಕೂತ್ಕೊಂಡು ಗಾಳಿ ಜೊತೆ ಜಗಳ ಆಡ್ತಿರೋ ಥರ ಕಾಣುತ್ತೆ. ಒಬ್ಬೊಬ್ಬರಿಗೂ ಮೆಸೇಜಲ್ಲಿ ಬರೆದು ಸಾಕಾಗಿ ಎಲ್ಲಾ ಒಂದ್ಕಡೆ ಹಾಕ್ತಿದೀನಿ, ಉದ್ದ ಆಗುತ್ತೆ, ಕಾಫಿ ತಗೊಂಡು ಕೂತ್ಕೊಳಿ. (ಸ್ಟ್ರೀಮ್ ಅಂದ್ರೆ ಗೇಮ್ ಆಡೋದನ್ನ ಲೈವ್ ತೋರಿಸೋದು, ಡಿಸ್ಕಾರ್ಡ್ ಅಂದ್ರೆ ಆಡ್ತಾ ಫ್ರೆಂಡ್ಸ್ ಜೊತೆ ಮಾತಾಡೋ ಆ್ಯಪ್. ಮಿಕ್ಸರ್ ಅಂದ್ರೆ ಆಡಿಯೋ ಮಿಕ್ಸರ್, ಬೇರೆ ಬೇರೆ ಸೌಂಡ್ ಸೇರಿಸಿ ಏರಿಸಿ ಇಳಿಸೋ ಪೆಟ್ಟಿಗೆ. ನಮ್ಮಮ್ಮ ಕೊರಿಯರ್ ಬಾಕ್ಸ್ ಮೇಲಿನ ಹೆಸರು ನೋಡಿ ಹಳೇ ಮಿಕ್ಸಿ ಬದಲಾಯ್ಸೋಕೆ ತರ್ಸಿದಾನೆ ಅಂದ್ಕೊಂಡಿದ್ರು.)

ವೈರ್ ಮುಟ್ಟೋಕೆ ಮುಂಚೆ ಒಂದು ಪೇಪರ್ ತಗೊಳಿ

ನಿಜ ಹೇಳ್ತೀನಿ, ಮಿಕ್ಸರ್ ಸೆಟಪ್‌ನಲ್ಲಿ ಕಷ್ಟ ಇರೋದು ಗುಂಡಿಗಳಲ್ಲಿ ಅಲ್ಲ, ಯಾರ ಕಿವಿಗೆ ಏನು ಹೋಗ್ಬೇಕು ಅನ್ನೋದನ್ನ ಯಾರೂ ಮೊದಲು ಯೋಚ್ನೆ ಮಾಡಲ್ಲ. ಇಲ್ಲಿ ಮೂರು ಥರದ ಕಿವಿ ಇದೆ. ನಿಮ್ಮ ಕಿವಿಗೆ ಗೇಮ್ ಸೌಂಡ್, ಫ್ರೆಂಡ್ಸ್ ದನಿ ಎರಡೂ ಬೇಕು, ನಿಮ್ಮ ದನಿ ಬೇಕಿದ್ರೆ ಅದೂ ಸ್ವಲ್ಪ. ಸ್ಟ್ರೀಮ್ ನೋಡೋರಿಗೆ ಎಲ್ಲಾನೂ ಬೇಕು. ಫ್ರೆಂಡ್ಸ್ ಕಿವಿಗೆ ನಿಮ್ಮ ದನಿ ಮಾತ್ರ ಹೋಗ್ಬೇಕು, ಅವರದ್ದೇ ದನಿ ಸುತ್ತಿ ಬಳಸಿ ಅವರ ಹತ್ರ ವಾಪಸ್ ಹೋಗ್ಲೇಬಾರದು.

ಹೀಗೆ "ಎಲ್ಲಾ ಕೊಡು, ಆದ್ರೆ ಅವನದ್ದನ್ನ ಅವನಿಗೆ ಕೊಡಬೇಡ" ಅಂತ ಮಾಡೋ ಮಿಕ್ಸ್‌ಗೆ ಮಿಕ್ಸ್-ಮೈನಸ್ ಅಂತಾರೆ. ರೇಡಿಯೋ ಸ್ಟೇಷನ್‌ಗಳಲ್ಲಿ ಫೋನ್-ಇನ್ ಕಾರ್ಯಕ್ರಮ ಬರುತ್ತಲ್ಲ, ಅಲ್ಲಿ ಫೋನ್ ಮಾಡಿದವರಿಗೆ ಅವರ ದನಿ ತಿರುಗಿ ಕೇಳದ ಹಾಗೆ ಮಾಡೋದು ಇದೇ ವಿದ್ಯೆ. ಈ ಲೇಖನ ಪೂರ್ತಿ ಈ ಒಂದು ವಿಷಯದ ಸುತ್ತಾನೇ ಸುತ್ತುತ್ತೆ. ಪೇಪರ್ ಮೇಲೆ ಮೂರು ಬಾಕ್ಸ್ ಬರೀರಿ: ನಾನು, ಫ್ರೆಂಡ್ಸ್, ನೋಡೋರು. ಎಲ್ಲಿಂದ ಎಲ್ಲಿಗೆ ಬಾಣ ಅಂತ ಗೆರೆ ಎಳೀರಿ. ಮುಂದೆ ಏನಾದ್ರೂ ಕೆಟ್ಟಾಗ ಈ ಪೇಪರ್ ನೋಡಿದ್ರೆ ಅರ್ಧ ಉತ್ತರ ಅಲ್ಲೇ ಸಿಗುತ್ತೆ.

ಏನೇನ್ ಬೇಕು

ಮಿಕ್ಸರ್: ಕಂಪ್ಯೂಟರ್‌ಗೆ ಯುಎಸ್‌ಬಿಯಲ್ಲಿ ಕನೆಕ್ಟ್ ಆಗೋದು. ಇಲ್ಲೇ ಮೊದಲನೇ ಗುಂಡಿಗೆ ಬೀಳೋದು ಜನ. ನಮ್ಮ ಕಡೆ ಮಾರೋ ಎಷ್ಟೋ ಮಿಕ್ಸರ್ ಮೇಲೆ ಯುಎಸ್‌ಬಿ ಅಂತ ದೊಡ್ಡದಾಗಿ ಬರೆದಿರುತ್ತೆ, ತೆಗೆದು ನೋಡಿದ್ರೆ ಅದು ಪೆನ್‌ಡ್ರೈವ್ ಹಾಕಿ ಹಾಡು ಕೇಳೋಕೆ ಇರೋ ತೂತು, ಕಂಪ್ಯೂಟರ್‌ಗೂ ಅದಕ್ಕೂ ಸಂಬಂಧಾನೇ ಇಲ್ಲ, ಭಜನೆ ಆರ್ಕೆಸ್ಟ್ರಾಗೆ ಸರಿ, ನಿಮಗೆ ಆಗಲ್ಲ. ಯುಎಸ್‌ಬಿ ಆಡಿಯೋ ಇಂಟರ್‌ಫೇಸ್ ಅಂತ ಸ್ಪೆಸಿಫಿಕೇಶನ್‌ನಲ್ಲಿ ಬರೆದಿರ್ಬೇಕು, ಅಂದ್ರೆ ಕಂಪ್ಯೂಟರ್‌ಗೆ ಸೌಂಡ್ ಕಳ್ಸೋದು, ಕಂಪ್ಯೂಟರ್‌ನಿಂದ ಸೌಂಡ್ ತಗೊಳೋದು ಎರಡೂ ಮಾಡ್ಬೇಕು. ಬೆಹ್ರಿಂಜರ್ ಕ್ಯೂ802ಯುಎಸ್‌ಬಿ, ಯಮಹಾ ಎಜಿ03, ಎಜಿ06 ಇವೆಲ್ಲ ಆ ಜಾತಿಯವು. ಫೋನ್‌ನಲ್ಲಿ ವಾಯ್ಸ್ ಚಾಟ್ ಮಾಡೋರಾದ್ರೆ ಪ್ರತಿ ಚಾನೆಲ್ ಮೇಲೂ ಆಕ್ಸ್ ಅಥವಾ ಎಫ್‌ಎಕ್ಸ್ ಅನ್ನೋ ನಾಬ್ ಇರೋದನ್ನೇ ತಗೊಳಿ, ಯಾಕೆ ಅಂತ 7ನೇ ಹಂತದಲ್ಲಿ ಹೇಳ್ತೀನಿ.

ಮೈಕ್: ಫ್ಯಾನ್ ಇಲ್ದೆ ಕೂರೋಕಾಗದ ರೂಮು, ಹೊರಗಡೆ ರೋಡು, ಪಕ್ಕದಲ್ಲೇ ಅಡಿಗೆಮನೆ ಇದ್ರೆ ಡೈನಾಮಿಕ್ ಮೈಕ್ ತಗೊಳಿ, ಶುರ್ ಎಸ್‌ಎಂ58 ಥರದ್ದು. ಬಾಯಿ ಹತ್ರದ್ದನ್ನೇ ಜಾಸ್ತಿ ಹಿಡಿಯುತ್ತೆ. ಕಂಡೆನ್ಸರ್ ಮೈಕ್ ಸೂಕ್ಷ್ಮ, ಕುಕ್ಕರ್ ಸೀಟಿ ಕೂಡ ಸ್ಟುಡಿಯೋ ಕ್ವಾಲಿಟಿಯಲ್ಲಿ ಕೇಳ್ಸುತ್ತೆ.

ಹೆಡ್‌ಫೋನ್: ಕಿವಿ ಪೂರ್ತಿ ಮುಚ್ಚೋದು. ಸ್ಪೀಕರ್ ಬೇಡವೇ ಬೇಡ. ಎಷ್ಟೇ ಚೆನ್ನಾಗಿ ಸೆಟಪ್ ಮಾಡಿ, ಸ್ಪೀಕರ್‌ನಿಂದ ಬಂದ ಫ್ರೆಂಡ್ಸ್ ದನಿ ನಿಮ್ಮ ಮೈಕ್ ಒಳಗೆ ಹೋದ್ರೆ ಮುಗೀತು ಕಥೆ.

ಕೇಬಲ್: ಮೈಕ್‌ಗೆ ಎಕ್ಸ್‌ಎಲ್‌ಆರ್, ಅಂದ್ರೆ ಮೂರು ಪಿನ್ ಇರೋ ದಪ್ಪ ಕೇಬಲ್. ಮಿಕ್ಸರ್‌ನ ದೊಡ್ಡ ತೂತಿಗೆ 6.35 ಎಂಎಂ ಜಾಕ್, ಬೆಂಗಳೂರಿನ ಎಸ್.ಪಿ. ರೋಡ್ ಥರದ ಕಡೆ ಅಂಗಡಿಯಲ್ಲಿ ಪಿ38 ಅಂತ ಕೇಳಿ ನೋಡಿ, ಬೇಗ ಅರ್ಥ ಆಗುತ್ತೆ. ಜಾಕ್ ತುದಿ ಮೇಲೆ ಕಪ್ಪು ರಿಂಗ್ ಎಣಿಸೋದು ಕಲೀರಿ: ಒಂದು ರಿಂಗ್ ಇದ್ರೆ ಮೋನೋ, ಎರಡಿದ್ರೆ ಸ್ಟೀರಿಯೋ, ಮೂರಿದ್ರೆ ಅದರಲ್ಲಿ ಮೈಕೂ ಸೇರಿದೆ, ಫೋನ್ ಇಯರ್‌ಫೋನ್‌ನಲ್ಲಿ ಇರೋದು ಈ ಮೂರನೇದು.

ಹಂತ 1: ಎಲ್ಲಾ ಸೊನ್ನೆಗೆ

ಪವರ್ ಹಾಕೋಕೆ ಮುಂಚೆ ಎಲ್ಲಾ ವಾಲ್ಯೂಮ್, ಗೇನ್, ಹೆಡ್‌ಫೋನ್ ನಾಬ್ ಎಡಕ್ಕೆ ಪೂರ್ತಿ ತಿರುಗಿಸಿ. ಈಕ್ಯೂ ನಾಬ್‌ಗಳು (ಹೈ, ಮಿಡ್, ಲೋ ಅಂತ ಇರೋವು) ಮತ್ತೆ ಸೌಂಡನ್ನ ಎಡಕ್ಕೆ ಬಲಕ್ಕೆ ತಳ್ಳೋ ಪ್ಯಾನ್ ನಾಬ್ ಮಾತ್ರ ನಡುವೆ ಇರ್ಲಿ, 12 ಗಂಟೆ ಮುಳ್ಳಿನ ಥರ. ಎಫೆಕ್ಟ್ ಇದ್ರೆ ಆಫ್. 48 ವೋಲ್ಟ್ ಅಥವಾ ಫ್ಯಾಂಟಮ್ ಅಂತಿರೋ ಬಟನ್ (ಕಂಡೆನ್ಸರ್ ಮೈಕ್‌ಗೆ ಕರೆಂಟ್ ಕೊಡೋದು) ಆಫ್. ಹೆಡ್‌ಫೋನ್ ಕಿವಿಗೆ ಹಾಕ್ಕೊಳೋದು ಇದೆಲ್ಲ ಆದ್ಮೇಲೆ, ಮೊದಲೇ ಅಲ್ಲ.

ಹಂತ 2: ಮೈಕ್, ಗೇನ್

ಮೈಕನ್ನ 1ನೇ ಚಾನೆಲ್‌ಗೆ ಹಾಕಿ. ಕಂಡೆನ್ಸರ್ ಮೈಕ್ ಆದ್ರೆ ಕೇಬಲ್ ಹಾಕಿ ಆದ್ಮೇಲೆ 48 ವೋಲ್ಟ್ ಆನ್ ಮಾಡಿ, ಒಂದ್ ಹತ್ತು ಸೆಕೆಂಡ್ ಕಾಯಿರಿ. ತೆಗೆಯುವಾಗ ಉಲ್ಟಾ: ಮೊದಲು 48 ವೋಲ್ಟ್ ಆಫ್, ಸ್ವಲ್ಪ ಬಿಟ್ಟು ಕೇಬಲ್. ಡೈನಾಮಿಕ್ ಮೈಕ್‌ಗೆ ಇದು ಬೇಡ.

ಈಗ ಗೇನ್. ಗೇನ್‌ಗೂ ವಾಲ್ಯೂಮ್‌ಗೂ ವ್ಯತ್ಯಾಸ ಏನು ಅಂತ ತುಂಬ ಜನ ಕೇಳ್ತಾರೆ. ಗೇನ್ ಅಂದ್ರೆ ಮೈಕ್‌ನಿಂದ ಬರೋ ಪುಟ್ಟ ಸಿಗ್ನಲ್‌ನ ಎಷ್ಟು ದೊಡ್ಡದು ಮಾಡ್ಬೇಕು ಅನ್ನೋದು, ನಲ್ಲಿಗೆ ಬರೋ ನೀರಿನ ಪ್ರೆಶರ್ ಥರ. ವಾಲ್ಯೂಮ್ ಅಥವಾ ಫೇಡರ್ ಅಂದ್ರೆ ಆ ನೀರನ್ನ ಬಕೆಟ್‌ಗೆ ಎಷ್ಟು ಬಿಡ್ಬೇಕು ಅನ್ನೋದು. ಚಾನೆಲ್ ವಾಲ್ಯೂಮನ್ನೂ ಮೇನ್ ವಾಲ್ಯೂಮನ್ನೂ 0 ಅಂತ ಗುರುತಿರೋ ಜಾಗಕ್ಕೆ ಇಟ್ಟು, ಆಮೇಲೆ ಮಾತಾಡ್ತಾ ಗೇನ್ ನಿಧಾನಕ್ಕೆ ಏರಿಸಿ.

ಮಾತಾಡೋದು ಅಂದ್ರೆ "ಹಲೋ ಹಲೋ ಮೈಕ್ ಟೆಸ್ಟಿಂಗ್" ಅಂತ ಮೆತ್ತಗೆ ಅಲ್ಲ. ನೀವು ಗೇಮ್‌ನ ಕೊನೇ ಸರ್ಕಲ್‌ನಲ್ಲಿ "ಮಗಾ ಹಿಂದೆ ಇದಾನೆ ಹಿಂದೆ" ಅಂತ ಕಿರುಚ್ತೀರಲ್ಲ, ಆ ದನಿಯಲ್ಲಿ. ಆ ಕಿರುಚಾಟಕ್ಕೂ ಕ್ಲಿಪ್ ಅನ್ನೋ ಕೆಂಪು ಲೈಟ್ ಹತ್ತಬಾರದು. ಹತ್ತಿದ್ರೆ ಗೇನ್ ಇಳಿಸಿ. ಇಲ್ಲಿ ಒಡೆದ ದನಿಯನ್ನ ಆಮೇಲೆ ಯಾವ ಸಾಫ್ಟ್‌ವೇರೂ ಸರಿ ಮಾಡಲ್ಲ. ಲೋ-ಕಟ್ ಬಟನ್ ಇದ್ರೆ ಒತ್ತಿಬಿಡಿ, ಸುಮಾರು 80 ಹರ್ಟ್ಸ್‌ಗಿಂತ ಕೆಳಗಿನ ಗುಡುಗುಡು, ಟೇಬಲ್ ಕುಟ್ಟಿದ ಸದ್ದು ಇವೆಲ್ಲ ಕಮ್ಮಿ ಆಗುತ್ತೆ.

ಹಂತ 3: ಕಂಪ್ಯೂಟರ್‌ಗೆ ಹಾಕೋದು

ಯುಎಸ್‌ಬಿ ಕೇಬಲ್ ನೇರವಾಗಿ ಕಂಪ್ಯೂಟರ್‌ಗೆ, ಹಬ್ ಮೂಲಕ ಬೇಡ. ಯಾವಾಗ್ಲೂ ಒಂದೇ ಪೋರ್ಟ್‌ಗೆ ಹಾಕಿ, ಪೋರ್ಟ್ ಬದಲಾಯ್ಸಿದ್ರೆ ವಿಂಡೋಸ್ ಅದನ್ನ ಹೊಸ ಡಿವೈಸ್ ಅಂದ್ಕೊಂಡು ಹೆಸರಿನ ಮುಂದೆ 2 ಅಂತ ಸೇರಿಸ್ಬಿಡುತ್ತೆ, ಆಗ ಓಬಿಎಸ್‌ನಲ್ಲಿ (ಸ್ಟ್ರೀಮ್, ರೆಕಾರ್ಡಿಂಗ್ ಮಾಡೋ ಸಾಫ್ಟ್‌ವೇರ್) ಹಳೇ ಹೆಸರಿಟ್ಟಿದ್ದು ಖಾಲಿ ಹೊಡೆಯುತ್ತೆ, ನೀವು ಮೈಕ್ ಹಾಳಾಯ್ತು ಅಂತ ಗಾಬರಿ ಆಗ್ತೀರ.

ಕೆಲವು ಮಿಕ್ಸರ್‌ಗಳು ಅವುಗಳ ಸ್ವಂತ ಹೆಸರಲ್ಲಿ ಕಾಣಲ್ಲ, ಬರೀ ಯುಎಸ್‌ಬಿ ಆಡಿಯೋ ಕೋಡೆಕ್ ಅಂತ ಕಾಣುತ್ತೆ, ಅದೇ ನಿಮ್ಮದು. ಸೌಂಡ್ ಸೆಟ್ಟಿಂಗ್ಸ್‌ಗೆ ಹೋಗಿ ಇನ್‌ಪುಟ್, ಔಟ್‌ಪುಟ್ ಎರಡಕ್ಕೂ ಅದನ್ನೇ ಆರಿಸಿ. ಆಮೇಲೆ ಎರಡರ ಪ್ರಾಪರ್ಟೀಸ್‌ಗೂ ಹೋಗಿ ಸ್ಯಾಂಪಲ್ ರೇಟ್ 48000 ಹರ್ಟ್ಸ್ ಇಡಿ. ಸ್ಯಾಂಪಲ್ ರೇಟ್ ಅಂದ್ರೆ ಸೆಕೆಂಡಿಗೆ ಎಷ್ಟು ಸಲ ದನಿಯನ್ನ ಅಳೆದು ಬರ್ಕೊಳುತ್ತೆ ಅನ್ನೋದು. ಓಬಿಎಸ್‌ನಲ್ಲೂ ಅದೇ 48 ಕಿಲೋಹರ್ಟ್ಸ್ ಇರ್ಲಿ, ಒಂದ್ಕಡೆ 44.1 ಒಂದ್ಕಡೆ 48 ಇದ್ರೆ ಕೆಲವು ಸಲ ಚಟಪಟ ಸದ್ದು ಬರುತ್ತೆ. ಇನ್‌ಪುಟ್‌ನಲ್ಲಿ 1 ಚಾನೆಲ್ ಅಂತಿದ್ರೆ 2 ಚಾನೆಲ್ ಮಾಡಿ. ಮಿಕ್ಸರ್‌ನಲ್ಲಿ ಕೆಂಪು ಲೈಟ್ ಇಲ್ದೇ ಇದ್ರೂ ಕಂಪ್ಯೂಟರ್‌ನಲ್ಲಿ ದನಿ ಒಡೀತಿದ್ರೆ ವಿಂಡೋಸ್ ಇನ್‌ಪುಟ್ ಲೆವೆಲ್ 100ರಲ್ಲಿ ಕೂತಿರುತ್ತೆ, ಇಳಿಸಿ.

ಇನ್ನೊಂದು ಕಳ್ಳ ಸೆಟ್ಟಿಂಗ್ ಇದೆ. ಹಳೇ ಸೌಂಡ್ ಕಂಟ್ರೋಲ್ ಪ್ಯಾನೆಲ್‌ನಲ್ಲಿ ಕಮ್ಯುನಿಕೇಶನ್ಸ್ ಅನ್ನೋ ಟ್ಯಾಬ್. ವಾಯ್ಸ್ ಕಾಲ್ ಶುರುವಾದ ಕೂಡ್ಲೆ ಬೇರೆ ಎಲ್ಲಾ ಸೌಂಡನ್ನ ಶೇಕಡ 80 ಇಳಿಸೋದು ಅಂತ ಅಲ್ಲಿ ಸೆಟ್ ಆಗಿರುತ್ತೆ. "ಡಿಸ್ಕಾರ್ಡ್ ಸೇರಿದ ತಕ್ಷಣ ಗೇಮ್ ಸೌಂಡ್ ಸತ್ತೋಗುತ್ತೆ" ಅನ್ನೋ ದೂರಿಗೆ ಬಹುತೇಕ ಇದೇ ಕಾರಣ. ಡು ನಥಿಂಗ್ ಅನ್ನೋದನ್ನ ಆರಿಸಿ.

ಹಂತ 4: ಆ ಒಂದು ಬಟನ್

ನಿಮಗೆ ಬರೋ ಎಕೋ ಕಂಪ್ಲೇಂಟ್‌ಗಳಲ್ಲಿ ಹತ್ತರಲ್ಲಿ ಎಂಟು ಇಲ್ಲೇ ಮುಗಿಯುತ್ತೆ ಅಂತ ನನ್ನ ಅನುಭವ, ಆದ್ದರಿಂದ ಇಲ್ಲಿ ನಿಧಾನಕ್ಕೆ ಓದಿ.

ಕಂಪ್ಯೂಟರ್‌ನಿಂದ ಬರೋ ಸೌಂಡ್, ಅಂದ್ರೆ ಗೇಮ್ ಮತ್ತೆ ಡಿಸ್ಕಾರ್ಡ್ ಫ್ರೆಂಡ್ಸ್ ದನಿ, ಯುಎಸ್‌ಬಿ ಮೂಲಕ ಮಿಕ್ಸರ್ ಒಳಗೆ ಬರುತ್ತೆ. ಬಂದ್ಮೇಲೆ ಅದು ಎಲ್ಲಿಗೆ ಹೋಗ್ಬೇಕು? ಎರಡು ದಾರಿ ಇದೆ. ಒಂದು, ಬರೀ ನಿಮ್ಮ ಹೆಡ್‌ಫೋನ್‌ಗೆ. ಎರಡು, ಮೇನ್ ಮಿಕ್ಸ್‌ಗೆ. ಮೇನ್ ಮಿಕ್ಸ್‌ನಲ್ಲಿ ಇರೋದೆಲ್ಲ ಅದೇ ಯುಎಸ್‌ಬಿ ಕೇಬಲ್‌ನಲ್ಲಿ ಕಂಪ್ಯೂಟರ್‌ಗೆ ವಾಪಸ್ ಹೋಗುತ್ತೆ, ಡಿಸ್ಕಾರ್ಡ್ ಅದನ್ನ ನಿಮ್ಮ ಮೈಕ್ ಅಂದ್ಕೊಂಡು ಫ್ರೆಂಡ್ಸ್‌ಗೆ ಕಳ್ಸುತ್ತೆ. ಫ್ರೆಂಡ್ ಹಲೋ ಅಂದ, ಆ ಹಲೋ ನಿಮ್ಮ ಮಿಕ್ಸರ್‌ಗೆ ಬಂತು, ಮೇನ್‌ಗೆ ಹೋಯ್ತು, ಮತ್ತೆ ಅವನ ಹತ್ರಾನೇ ಹೋಯ್ತು. ಅಷ್ಟೇ ನೋಡಿ ರೋಗ.

ಬೆಹ್ರಿಂಜರ್ ಥರದ ಮಿಕ್ಸರ್‌ನಲ್ಲಿ ಇದಕ್ಕೆ ಎರಡು ಪುಟ್ಟ ಬಟನ್ ಅಕ್ಕಪಕ್ಕ ಇರುತ್ತೆ, ಒಂದು ಯುಎಸ್‌ಬಿ ಟು ಮಿಕ್ಸ್, ಇನ್ನೊಂದು ಟು ಫೋನ್ಸ್. ಟು ಮಿಕ್ಸ್ ಬಟನ್ ಒತ್ತದೆ ಹೊರಗೇ ಇರ್ಲಿ, ಟು ಫೋನ್ಸ್ ಬಟನ್ ಒಳಕ್ಕೆ ಒತ್ತಿ. ಬಟನ್ ಒಳಗಿದ್ಯೋ ಹೊರಗಿದ್ಯೋ ಕಣ್ಣಿಗೆ ಗೊತ್ತಾಗಲ್ಲ, ಉಗುರಿಂದ ಮುಟ್ಟಿ ನೋಡಿ. ನಾನೊಂದ್ಸಲ ಧೂಳು ಒರೆಸುವಾಗ ಬಟ್ಟೆ ತಾಗಿ ಒತ್ಕೊಂಡಿತ್ತು, ಎರಡು ಸಂಜೆ ಡಿಸ್ಕಾರ್ಡ್ ಡಿಲೀಟ್ ಮಾಡಿ ಮತ್ತೆ ಹಾಕೋದ್ರಲ್ಲೇ ಕಳೆದೆ.

ಯಮಹಾ ಎಜಿ03, ಎಜಿ06ನಲ್ಲಿ ಟು ಪಿಸಿ ಅನ್ನೋ ಮೂರು ಸ್ಥಾನದ ಸ್ವಿಚ್ ಇದೆ. ಅದರಲ್ಲಿ ಲೂಪ್‌ಬ್ಯಾಕ್ ಅಂದ್ರೆ ಕಂಪ್ಯೂಟರ್ ಸೌಂಡನ್ನೂ ಸೇರಿಸಿ ಕಂಪ್ಯೂಟರ್‌ಗೇ ವಾಪಸ್ ಕಳ್ಸೋದು. ಒಬ್ಬರೇ ಹಾಡು ಹಾಕ್ಕೊಂಡು ಸ್ಟ್ರೀಮ್ ಮಾಡೋರಿಗೆ ಅದು ವರ. ಅದೇ ಕಂಪ್ಯೂಟರ್‌ನಲ್ಲಿ ಡಿಸ್ಕಾರ್ಡ್ ಇದ್ರೆ ಶಾಪ. ಸ್ವಿಚ್ಚನ್ನ ಇನ್‌ಪುಟ್ ಮಿಕ್ಸ್‌ಗೆ ಇಡಿ. "ಯೂಟ್ಯೂಬ್‌ನಲ್ಲಿ ಲೂಪ್‌ಬ್ಯಾಕ್ ಆನ್ ಮಾಡಿ ಅಂತ ಹೇಳಿದ್ರಲ್ಲ" ಅಂತ ಬರೋರು ತುಂಬ ಜನ, ಆ ವಿಡಿಯೋ ಮಾಡಿದವರು ವಾಯ್ಸ್ ಚಾಟ್ ಬಗ್ಗೆ ಮಾತಾಡ್ತಾ ಇರ್ಲಿಲ್ಲ ಅಷ್ಟೇ.

ಇನ್ನು ಕೆಲವು ಮಿಕ್ಸರ್‌ಗಳಲ್ಲಿ ಯುಎಸ್‌ಬಿ ಸೌಂಡ್ ಒಂದು ಸ್ಟೀರಿಯೋ ಚಾನೆಲ್ ಮೇಲೇ ಬಂದು ಕೂರುತ್ತೆ, ವಾಲ್ಯೂಮ್ ಏರಿಸಿದ್ರೆ ಮೇನ್‌ಗೇ ಹೋಗುತ್ತೆ, ಬರೀ ಹೆಡ್‌ಫೋನ್‌ಗೆ ಕಳ್ಸೋ ದಾರಿ ಇರಲ್ಲ. ಅಂಥದ್ದಾದ್ರೆ ತಲೆ ಕೆಡಿಸ್ಕೋಬೇಡಿ, ಆ ಚಾನೆಲ್ ಸೊನ್ನೆಗಿಟ್ಟು, ಹೆಡ್‌ಫೋನನ್ನ ಮಿಕ್ಸರ್ ಬದಲು ಕಂಪ್ಯೂಟರ್‌ಗೇ ಹಾಕಿ, ವಿಂಡೋಸ್ ಔಟ್‌ಪುಟ್ ಕೂಡ ಅದಕ್ಕೇ ಮಾಡಿ. ನಿಮ್ಮ ದನಿ ನಿಮಗೆ ಕೇಳಲ್ಲ ಅನ್ನೋದೊಂದು ಬಿಟ್ರೆ ಬೇರೆ ನಷ್ಟ ಇಲ್ಲ.

ಹಂತ 5: ಡಿಸ್ಕಾರ್ಡ್

ವಾಯ್ಸ್ ಸೆಟ್ಟಿಂಗ್ಸ್‌ನಲ್ಲಿ ಇನ್‌ಪುಟ್, ಔಟ್‌ಪುಟ್ ಎರಡನ್ನೂ ಡೀಫಾಲ್ಟ್ ಅಂತ ಬಿಡಬೇಡಿ, ಹೆಸರು ಹಿಡಿದು ಆರಿಸಿ. ಆಟೋಮ್ಯಾಟಿಕ್ ಗೇನ್ ಕಂಟ್ರೋಲ್ ಆಫ್, ಯಾಕಂದ್ರೆ ಗೇನ್ ನೋಡ್ಕೊಳೋದು ಈಗ ನಿಮ್ಮ ಮಿಕ್ಸರ್ ಕೆಲಸ, ಇಬ್ಬರು ಒಂದೇ ಸ್ಟಿಯರಿಂಗ್ ಹಿಡಿದ್ರೆ ದನಿ ಏರಿ ಇಳಿದು ಆಡುತ್ತೆ. ಎಕೋ ಕ್ಯಾನ್ಸಲೇಶನ್ ಟೆಸ್ಟ್ ಮಾಡೋವರೆಗೂ ಆಫ್ ಇರ್ಲಿ, ಇಲ್ಲಾಂದ್ರೆ ಹಂತ 4ರಲ್ಲಿ ಮಾಡಿದ ತಪ್ಪನ್ನ ಅದು ಅರ್ಧಂಬರ್ಧ ಮುಚ್ಚಿಟ್ಟು ನಿಮಗೆ ಗೊತ್ತಾಗದ ಹಾಗೆ ಮಾಡುತ್ತೆ. ನಾಯ್ಸ್ ಸಪ್ರೆಶನ್ ಬೇಕಿದ್ರೆ ಇಟ್ಕೊಳಿ, ಫ್ಯಾನ್ ಸದ್ದಿಗೆ ಒಳ್ಳೇದೇ.

ಹಂತ 6: ಓಬಿಎಸ್

ಇಲ್ಲಿ ಒಂದೇ ನಿಯಮ: ಒಂದು ಸೌಂಡ್ ಓಬಿಎಸ್ ಒಳಗೆ ಒಂದೇ ಬಾಗಿಲಿಂದ ಬರ್ಬೇಕು. ಎರಡು ಬಾಗಿಲಿಂದ ಬಂದ್ರೆ ಪೈಪ್ ಒಳಗೆ ಕೂತು ಮಾತಾಡಿದ ಹಾಗೆ ಕೇಳುತ್ತೆ, ಯಾಕಂದ್ರೆ ಎರಡೂ ಕೆಲವು ಮಿಲಿಸೆಕೆಂಡ್ ಹಿಂದೆ ಮುಂದೆ ಆಗಿರುತ್ತೆ.

ಮೈಕ್ ಅನ್ನೋ ಜಾಗಕ್ಕೆ ಮಿಕ್ಸರ್ ಯುಎಸ್‌ಬಿ ಇನ್‌ಪುಟ್ ಹಾಕಿ. ಫ್ರೆಂಡ್ಸ್ ದನಿ, ಗೇಮ್ ಇವೆರಡಕ್ಕೆ ಸುಲಭದ ದಾರಿ ಡೆಸ್ಕ್‌ಟಾಪ್ ಆಡಿಯೋ, ಅದಕ್ಕೆ ಮಿಕ್ಸರ್ ಔಟ್‌ಪುಟ್ ಆರಿಸಿದ್ರೆ ಎಲ್ಲಾ ಒಟ್ಟಿಗೆ ಬರುತ್ತೆ, ಆದ್ರೆ ಫ್ರೆಂಡ್ಸ್ ದನಿ ಬೇರೆ, ಗೇಮ್ ಬೇರೆ ಅಂತ ಏರಿಸಿ ಇಳಿಸೋಕಾಗಲ್ಲ. ನನ್ನ ಮತ ಕೇಳಿದ್ರೆ 2022ರಲ್ಲಿ ಬಂದ ಓಬಿಎಸ್ 28ರಿಂದ ಇರೋ ಅಪ್ಲಿಕೇಶನ್ ಆಡಿಯೋ ಕ್ಯಾಪ್ಚರ್ ಬಳಸಿ, ವಿಂಡೋಸ್‌ನಲ್ಲಿ ಒಂದೊಂದು ಪ್ರೋಗ್ರಾಮ್‌ನ ಸೌಂಡನ್ನ ಬೇರೆ ಬೇರೆಯಾಗಿ ಹಿಡಿಯುತ್ತೆ. ಗೇಮ್‌ಗೊಂದು, ಡಿಸ್ಕಾರ್ಡ್‌ಗೊಂದು ಸೋರ್ಸ್ ಸೇರಿಸಿ, ಸೇರಿಸಿದ್ಮೇಲೆ ಡೆಸ್ಕ್‌ಟಾಪ್ ಆಡಿಯೋನ ಡಿಸೇಬಲ್ ಮಾಡೋದನ್ನ ಮರೀಬೇಡಿ, ಮರೆತ್ರೆ ಅದೇ ಎರಡು ಬಾಗಿಲ ಕಥೆ. ಇದರಲ್ಲಿ ಇನ್ನೊಂದು ಲಾಭ, ಓಬಿಎಸ್‌ನಲ್ಲಿ ಆರು ಆಡಿಯೋ ಟ್ರ್ಯಾಕ್ ಇದೆ, ರೆಕಾರ್ಡಿಂಗ್‌ನಲ್ಲಿ ಡಿಸ್ಕಾರ್ಡನ್ನ ಬೇರೆ ಟ್ರ್ಯಾಕ್‌ಗೆ ಹಾಕಿಟ್ರೆ ಆಮೇಲೆ ವಿಡಿಯೋ ಎಡಿಟ್ ಮಾಡುವಾಗ ಯಾರೋ ಬೈದಿದ್ದನ್ನ ಅವರ ಮಾತಷ್ಟೇ ತೆಗೆದುಹಾಕಬಹುದು.

ಲೆವೆಲ್ ಮೀಟರ್‌ನಲ್ಲಿ ಹಸಿರು -20ರವರೆಗೆ, ಹಳದಿ -20ರಿಂದ -9, ಆಮೇಲೆ ಕೆಂಪು. ನಿಮ್ಮ ಮಾತು ಹಳದಿಯಲ್ಲಿ ಓಡಾಡ್ಲಿ. ಫ್ರೆಂಡ್ಸ್ ನಿಮಗಿಂತ ಒಂಚೂರು ಕೆಳಗೆ, ಗೇಮ್ ಇನ್ನೂ ಕೆಳಗೆ ಹಸಿರಲ್ಲಿ. ಮಾನಿಟರಿಂಗ್ ಅನ್ನೋದನ್ನ ಮೈಕ್‌ಗೆ ಆನ್ ಮಾಡಬೇಡಿ. ನಿಮ್ಮ ದನಿ ಮಿಕ್ಸರ್ ಹೆಡ್‌ಫೋನ್‌ನಲ್ಲಿ ತಡ ಇಲ್ಲದೆ ಆಗ್ಲೇ ಕೇಳ್ತಿದೆ, ಇನ್ನೊಂದು ಸಲ ತಡವಾಗಿ ಬಂದ್ರೆ ನಾಲಿಗೆ ತಡವರಿಸೋಕೆ ಶುರು ಮಾಡುತ್ತೆ, ಮಾಡಿ ನೋಡಿ ಬೇಕಿದ್ರೆ.

ಹಂತ 7: ವಾಯ್ಸ್ ಚಾಟ್ ಫೋನಲ್ಲಿದ್ರೆ

ಬಿಜಿಎಂಐ (ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ) ಥರ ಫೋನ್ ಗೇಮ್ ಆಡೋರು, ಗೇಮ್ ಒಳಗಿನ ವಾಯ್ಸ್ ಚಾಟೇ ಬೇಕು ಅನ್ನೋರು ಇದನ್ನ ಓದಿ. ಉಳಿದವರು 8ಕ್ಕೆ ಹೋಗಿ. ಮೊದಲು ಒಂದು ಮಾತು, ನಿಮ್ಮ ಸ್ಕ್ವಾಡ್‌ನವರೆಲ್ಲ ಒಪ್ಪಿದ್ರೆ ಗೇಮ್ ವಾಯ್ಸ್ ಬಿಟ್ಟು ಎಲ್ಲರೂ ಡಿಸ್ಕಾರ್ಡ್‌ಗೆ ಬನ್ನಿ, ಕಂಪ್ಯೂಟರ್‌ನಲ್ಲಿ ಮೇಲಿನ ಸೆಟಪ್ ಸಾಕು, ಈ ಹಂತದ ಗೋಳೇ ಇಲ್ಲ.

ಇಲ್ಲ ಫೋನೇ ಅಂದ್ರೆ, ಎರಡು ದಾರಿ ಕಟ್ಟಬೇಕು: ಫೋನ್ ಸೌಂಡ್ ಮಿಕ್ಸರ್‌ಗೆ ಬರೋದು, ನಿಮ್ಮ ದನಿ ಫೋನ್‌ಗೆ ಹೋಗೋದು. ಫೋನ್‌ಗೆ ಹೆಡ್‌ಫೋನ್-ಮೈಕ್ ಸ್ಪ್ಲಿಟರ್ ಹಾಕಿ, ಮೂರು ರಿಂಗ್‌ನ ಒಂದು ಜಾಕ್‌ನಿಂದ ಹೆಡ್‌ಫೋನ್ ಒಂದು, ಮೈಕ್ ಒಂದು ಅಂತ ಎರಡಾಗೋದು. ಇಬ್ಬರು ಒಟ್ಟಿಗೆ ಹಾಡು ಕೇಳೋ ಸ್ಪ್ಲಿಟರ್ ನೋಡೋಕೆ ಇದೇ ಥರ ಇರುತ್ತೆ, ಅದರಲ್ಲಿ ಮೈಕ್ ಇರಲ್ಲ, ಅದನ್ನ ತಂದು ವಾಪಸ್ ಕೊಡೋಕೆ ಹೋದವರು ಎಷ್ಟೋ ಜನ. ಫೋನ್‌ನಲ್ಲಿ ಜಾಕ್ ಇಲ್ದಿದ್ರೆ ಟೈಪ್-ಸಿ ಅಡಾಪ್ಟರ್ ಬೇಕು, ಡಿಎಸಿ ಇರೋದು, ಮೈಕ್ ಸಪೋರ್ಟ್ ಮಾಡೋದು. ಡಿಎಸಿ ಅಂದ್ರೆ ಡಿಜಿಟಲ್ ಸೌಂಡನ್ನ ವೈರ್‌ನಲ್ಲಿ ಹೋಗೋ ಸೌಂಡ್ ಮಾಡೋ ಪುಟ್ಟ ಚಿಪ್. ತೀರಾ ಕಮ್ಮಿ ರೇಟಿನ ಅಡಾಪ್ಟರ್‌ಗಳಲ್ಲಿ ಆ ಚಿಪ್ಪೇ ಇರಲ್ಲ, ಕೆಲವು ಫೋನ್‌ಗೆ ಮಾತ್ರ ಆಗುತ್ತೆ.

ಹೆಡ್‌ಫೋನ್ ಕಡೆಯಿಂದ ಮಿಕ್ಸರ್‌ನ ಒಂದು ಸ್ಟೀರಿಯೋ ಲೈನ್ ಚಾನೆಲ್‌ಗೆ ಕೇಬಲ್. ಈಗ ಗೇಮೂ ಫ್ರೆಂಡ್ಸೂ ಮೇನ್ ಮಿಕ್ಸ್‌ಗೆ ಬಂದ್ರು, ಓಬಿಎಸ್‌ಗೂ ಹೋದ್ರು.

ಇನ್ನು ನಿಮ್ಮ ದನಿ ಫೋನ್‌ಗೆ. ಇಲ್ಲಿ ಮೇನ್ ಔಟ್ ಬಳಸಬಾರದು, ಅದರಲ್ಲಿ ಫ್ರೆಂಡ್ಸೂ ಇದಾರೆ. ಇಲ್ಲಿ ಆಕ್ಸ್ ಸೆಂಡ್ ಬೇಕು. ಆಕ್ಸ್ ಸೆಂಡ್ ಅಂದ್ರೆ ಮಿಕ್ಸರ್ ಒಳಗೇ ಇರೋ ಇನ್ನೊಂದು ಪುಟ್ಟ ಮಿಕ್ಸರ್: ಪ್ರತಿ ಚಾನೆಲ್‌ನ ಆಕ್ಸ್ ನಾಬ್ ಎಷ್ಟು ತಿರುಗಿಸ್ತೀರೋ ಅಷ್ಟು ಸೌಂಡ್ ಅದರ ಬೇರೆ ತೂತಿನಿಂದ ಆಚೆ ಹೋಗುತ್ತೆ. ಮೈಕ್ ಚಾನೆಲ್‌ನಲ್ಲಿ ಆಕ್ಸ್ ನಾಬ್ ಏರಿಸಿ, ಫೋನ್ ಚಾನೆಲ್‌ನಲ್ಲಿ ಆಕ್ಸ್ ನಾಬ್ ಪೂರ್ತಿ ಸೊನ್ನೆ. ಆಯ್ತಲ್ಲ ಮಿಕ್ಸ್-ಮೈನಸ್. ಆ ಸೊನ್ನೆ ಇರೋ ನಾಬ್ ಮೇಲೆ ಒಂದು ಚೂರು ಇನ್ಸುಲೇಶನ್ ಟೇಪ್ ಅಂಟಿಸಿಬಿಡಿ, ಯಾರೂ ಮುಟ್ಟದ ಹಾಗೆ. ಎಜಿ03 ಥರದ್ದರಲ್ಲಿ ಹೀಗೆ ಆಕ್ಸ್ ನಾಬ್ ಇಲ್ಲ. ರೋಡ್‌ಕಾಸ್ಟರ್ ಪ್ರೊ ಥರದ ದುಬಾರಿ ಪೆಟ್ಟಿಗೆಗಳಲ್ಲಿ ಫೋನ್‌ಗೆ ಮಿಕ್ಸ್-ಮೈನಸ್ ತಾನಾಗೇ ಆಗುತ್ತೆ, ಅದಿದ್ರೆ ಇದೆಲ್ಲ ಬೇಕಿಲ್ಲ.

ಎಲ್ಲರೂ ಎಡವೋದು ಮುಂದಿನದರಲ್ಲಿ. ಆಕ್ಸ್‌ನಿಂದ ಬರೋದು ಲೈನ್ ಲೆವೆಲ್ ಅನ್ನೋ ದೊಡ್ಡ ಸಿಗ್ನಲ್, ಫೋನ್‌ನ ಮೈಕ್ ಪಿನ್ ಕಾಯ್ತಿರೋದು ಮೈಕ್ ಲೆವೆಲ್ ಅನ್ನೋ ಪುಟ್ಟ ಸಿಗ್ನಲ್, ಎರಡರ ಮಧ್ಯೆ ಸುಮಾರು 40 ಡೆಸಿಬಲ್ ಅಂತರ, ವೋಲ್ಟೇಜ್ ಲೆಕ್ಕದಲ್ಲಿ ನೂರು ಪಟ್ಟು. ನೇರ ಹಾಕಿದ್ರೆ ಫ್ರೆಂಡ್ಸ್‌ಗೆ ಬರೀ ಹರಿದ ಸ್ಪೀಕರ್ ಥರ ಕೇಳುತ್ತೆ. ಅದೂ ಅಲ್ದೆ ಫೋನ್ ಆ ಪಿನ್‌ನಲ್ಲಿ ಎಷ್ಟು ರೆಸಿಸ್ಟೆನ್ಸ್ ಇದೆ ಅಂತ ನೋಡಿ ಮೈಕ್ ಹೌದೋ ಅಲ್ವೋ ತೀರ್ಮಾನ ಮಾಡುತ್ತೆ, ಮಿಕ್ಸರ್ ಔಟ್‌ಪುಟ್‌ನ ರೆಸಿಸ್ಟೆನ್ಸ್ ತುಂಬ ಕಮ್ಮಿ, ಹಂಗಾಗಿ ಇಯರ್‌ಫೋನ್ ಬಟನ್ ಒತ್ತಿದ ಹಾಗೆ ಅಂದ್ಕೊಂಡು ಏನೇನೋ ಆಡುತ್ತೆ, ಇಲ್ಲಾ ಮೈಕೇ ಇಲ್ಲ ಅನ್ನುತ್ತೆ. ಎರಡಕ್ಕೂ ಒಂದೇ ಔಷಧಿ, ಲೈನ್‌ನಿಂದ ಫೋನ್ ಮೈಕ್‌ಗೆ ಅಂತಾನೇ ಮಾಡಿರೋ ಅಟೆನ್ಯುಯೇಟರ್ ಕೇಬಲ್, ಅಂದ್ರೆ ಒಳಗೆ ರೆಸಿಸ್ಟರ್ ಹಾಕಿ ಸಿಗ್ನಲ್ ಕುಗ್ಗಿಸೋದು. ಅದು ಹಾಕಿದ್ಮೇಲೂ ಆಕ್ಸ್ ನಾಬ್ ಸೊನ್ನೆಯಿಂದ ಶುರು ಮಾಡಿ.

ಬ್ಲೂಟೂತ್‌ನಲ್ಲಿ ಮಾಡ್ಲಾ ಅಂತ ಕೇಳಬೇಡಿ. ಮೈಕ್ ಬಳಸಿದ ಕೂಡ್ಲೆ ಬ್ಲೂಟೂತ್ ಸಾಮಾನ್ಯವಾಗಿ ಫೋನ್ ಕಾಲ್ ಮೋಡ್‌ಗೆ ಹೋಗಿ ಗೇಮ್ ಸೌಂಡ್ ಎಲ್ಲಾ ಡಬ್ಬಾ ಆಗುತ್ತೆ, ತಡಾನೂ ಇರುತ್ತೆ.

ಇನ್ನೊಂದು ಗಮನಿಸಿ: ಈ ಸೆಟಪ್‌ನಲ್ಲಿ ಓಬಿಎಸ್‌ಗೆ ಬರೋ ಮೈಕ್ ಸೋರ್ಸ್‌ನಲ್ಲಿ ಫ್ರೆಂಡ್ಸೂ ಗೇಮೂ ಸೇರ್ಕೊಂಡಿರುತ್ತೆ, ಅದಕ್ಕೆ ನಾಯ್ಸ್ ಸಪ್ರೆಶನ್ ಫಿಲ್ಟರ್ ಹಾಕಿದ್ರೆ ಗೇಮ್‌ನ ಗುಂಡಿನ ಸದ್ದನ್ನೂ ನಾಯ್ಸ್ ಅಂತ ತಿಂದು ಹಾಕುತ್ತೆ. ಫಿಲ್ಟರ್ ತೆಗೀರಿ.

ಹಂತ 8: ಲೈವ್ ಹೋಗೋಕೆ ಮುಂಚೆ

ಒಬ್ಬ ತಾಳ್ಮೆ ಇರೋ ಫ್ರೆಂಡ್‌ನ ಹಿಡ್ಕೊಳಿ. ಓಬಿಎಸ್‌ನಲ್ಲಿ ಲೈವ್ ಬೇಡ, ಬರೀ ರೆಕಾರ್ಡ್ ಒತ್ತಿ. ನೀವು ಸುಮ್ನಿರಿ, ಅವನು 1ರಿಂದ 10 ಎಣಿಸ್ಲಿ. ಅವನಿಗೆ ತನ್ನ ದನಿ ತಿರುಗಿ ಕೇಳಿದ್ರೆ ನಿಮ್ಮ ಮೈಕನ್ನ ಮಿಕ್ಸರ್‌ನಲ್ಲೇ ಸೊನ್ನೆ ಮಾಡಿ ಇನ್ನೊಂದು ಸಲ ಎಣಿಸೋಕೆ ಹೇಳಿ. ಈಗ ನಿಂತ್ರೆ ಅವನ ದನಿ ನಿಮ್ಮ ಹೆಡ್‌ಫೋನ್‌ನಿಂದ ಸೋರಿ ಮೈಕ್‌ಗೆ ಹೋಗ್ತಿದೆ, ಹೆಡ್‌ಫೋನ್ ವಾಲ್ಯೂಮ್ ಇಳಿಸಿ. ಇನ್ನೂ ಬರ್ತಿದ್ರೆ ಮಿಕ್ಸರ್ ಒಳಗೇ ಸುತ್ತು ಹೊಡೀತಿದೆ, ಹಂತ 4ಕ್ಕೆ ಅಥವಾ 7ಕ್ಕೆ ವಾಪಸ್. ಈ ಒಂದು ಪರೀಕ್ಷೆ ಗೊತ್ತಿದ್ರೆ ನನಗೆ ಮೆಸೇಜ್ ಮಾಡೋದೇ ಬೇಕಿಲ್ಲ.

ಆಮೇಲೆ ನೀವೂ ಅವನೂ ಒಟ್ಟಿಗೆ ಮಾತಾಡಿ, ಕ್ಯಾಮೆರಾ ಮುಂದೆ ಒಂದ್ಸಲ ಚಪ್ಪಾಳೆ ತಟ್ಟಿ, ರೆಕಾರ್ಡಿಂಗ್ ಬೇರೆ ಇಯರ್‌ಫೋನ್‌ನಲ್ಲಿ ಕೇಳಿ. ಚಪ್ಪಾಳೆ ಸದ್ದು ಕೈ ಸೇರೋಕೆ ಮುಂಚೆ ಬಂದ್ರೆ ಓಬಿಎಸ್‌ನ ಅಡ್ವಾನ್ಸ್ಡ್ ಆಡಿಯೋದಲ್ಲಿ ಸಿಂಕ್ ಆಫ್‌ಸೆಟ್‌ಗೆ 100 ಮಿಲಿಸೆಕೆಂಡ್ ಹಾಕಿ, ಸರಿ ಹೋಗೋವರೆಗೆ ಸ್ವಲ್ಪ ಸ್ವಲ್ಪ ಬದಲಾಯ್ಸಿ. ದನಿ ಎಡಗಿವಿಯಲ್ಲಿ ಮಾತ್ರ ಬಂದ್ರೆ ಅಲ್ಲೇ ಮೋನೋ ಅನ್ನೋದಕ್ಕೆ ಟಿಕ್. ಎಲ್ಲಾ ಸರಿ ಆದ್ಮೇಲೆ ಮಿಕ್ಸರ್‌ನ ಒಂದು ಫೋಟೋ ತೆಗೆದು ಇಟ್ಕೊಳಿ, ಮನೇಲಿ ಚಿಕ್ಕ ಮಕ್ಕಳಿದ್ರೆ ಯಾಕೆ ಅಂತ ಹೇಳೋದೇ ಬೇಡ. ಮತ್ತೆ ಫ್ರೆಂಡ್ಸ್‌ಗೆ ಅವರ ದನಿ ಲೈವ್ ಹೋಗ್ತಿದೆ ಅಂತ ಮೊದಲೇ ಹೇಳಿ, ಅವರ ಮನೆ ವಿಷಯ ಎಲ್ಲಾ ಊರಿಗೆ ಗೊತ್ತಾಗೋದು ಬೇಡ.

ಗುಂಯ್ ಅನ್ನೋ ಸದ್ದು ಬಂದ್ರೆ

ಇದೊಂದು ಬೇರೆಯಾಗಿ ಬರೀಬೇಕು, ಅಷ್ಟು ಜನ ಕೇಳ್ತಾರೆ. ನಮ್ಮ ಕರೆಂಟ್ 50 ಹರ್ಟ್ಸ್, ಅದರ ಗುಂಯ್ ಸದ್ದು 50, 100 ಹರ್ಟ್ಸ್ ಆಗಿ ಸೌಂಡ್ ಒಳಗೆ ಸೇರ್ಕೊಳುತ್ತೆ. ಬಹಳ ಸಲ ಕಾರಣ ಗ್ರೌಂಡ್ ಲೂಪ್, ಅಂದ್ರೆ ಮಿಕ್ಸರ್, ಲ್ಯಾಪ್‌ಟಾಪ್, ಫೋನ್ ಚಾರ್ಜರ್ ಬೇರೆ ಬೇರೆ ಪ್ಲಗ್‌ನಿಂದ ಅರ್ತ್ ಆಗಿ, ಆಡಿಯೋ ಕೇಬಲ್ ಮೂಲಕ ಇನ್ನೊಂದು ಸಲ ಸೇರಿ ಒಂದು ಸುತ್ತು ಆಗೋದು. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ನೋಡಿ, ಸದ್ದು ನಿಂತ್ರೆ ಅದೇ. ಫೋನ್ ಚಾರ್ಜರ್ ಕಿತ್ತಾಗ ನಿಂತ್ರೆ ಫೋನ್ ಕೇಬಲ್ ಮಧ್ಯ ಗ್ರೌಂಡ್ ಲೂಪ್ ಐಸೊಲೇಟರ್ ಅನ್ನೋ ಪುಟ್ಟ ಡಬ್ಬಿ ಹಾಕಿ. ಎಲ್ಲಾನೂ ಒಂದೇ ಸ್ಪೈಕ್ ಬಸ್ಟರ್‌ಗೆ ಹಾಕಿದ್ರೆ ಅರ್ಧ ಕೇಸ್ ಅಲ್ಲೇ ಮುಗಿಯುತ್ತೆ. ಮೂರು ಪಿನ್ ಪ್ಲಗ್‌ನ ಅರ್ತ್ ಪಿನ್ ಮುರಿದು ಹಾಕು ಅಂತ ಯಾರಾದ್ರೂ ಹೇಳಿದ್ರೆ ಕೇಳಲೇಬೇಡಿ, ಸದ್ದು ಹೋಗಬಹುದು, ಆದ್ರೆ ಮೈಕ್ ಮುಟ್ಟಿದಾಗ ಕೈಗೆ ಹೊಡೆಯುತ್ತೆ. ಮನೇಲಿ ಅರ್ತಿಂಗೇ ಇಲ್ಲ ಅಂತ ಅನುಮಾನ ಇದ್ರೆ, ಲ್ಯಾಪ್‌ಟಾಪ್ ಮೈ ಮುಟ್ಟಿದ್ರೆ ಜುಮ್ ಅನ್ನುತ್ತಲ್ಲ ಹಂಗೆ, ಎಲೆಕ್ಟ್ರಿಷಿಯನ್ ಕರ್ಸಿ ಸಾಕೆಟ್ ಚೆಕ್ ಮಾಡ್ಸಿ, ಆಮೇಲೆ ಸ್ಟ್ರೀಮ್ ನೋಡೋಣ.